ಗುವಾಂಗ್‌ಝೌ: ಕಡಿಮೆ ದುಡ್ಡಲ್ಲಿ ಹೊಟ್ಟೆ ತುಂಬಾ ತಿಂದು, ಕಣ್ತುಂಬಾ ನೋಡಿ ಬರೋದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ದಕ್ಷಿಣ ಚೀನಾದ ಗುವಾಂಗ್‌ಝೌ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ವ್ಯಾಪಾರ. ಅಲ್ಲಿನ ದೊಡ್ಡ ವ್ಯಾಪಾರ ಮೇಳ ಕ್ಯಾಂಟನ್ ಫೇರ್‌ಗೆ (ಕ್ಯಾಂಟನ್ ಅಂದರೆ ಗುವಾಂಗ್‌ಝೌನ ಹಳೇ ಹೆಸರು) ಹೋಗಿ ಬಂದವರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಎಷ್ಟೋ ಜನ ಸಗಟು ಮಾರುಕಟ್ಟೆ ಸುತ್ತಿ, ರಾತ್ರಿ ರೂಮಲ್ಲಿ ರೆಡಿ ಉಪ್ಪಿಟ್ಟಿಗೆ ಬಿಸಿನೀರು ಹಾಕಿಕೊಂಡು ತಿಂದು, ವಾಪಸ್ ಬಂದುಬಿಡುತ್ತಾರೆ. ನನಗೆ ಇದನ್ನು ಕೇಳಿದಾಗಲೆಲ್ಲಾ ಹೊಟ್ಟೆ ಉರಿಯುತ್ತದೆ. ಚೀನಾದವರೇ ಊಟಕ್ಕೆ ಅಂತ ಹುಡುಕಿಕೊಂಡು ಬರುವ ಊರು ಅದು. ನಾನು ಎರಡು ಸಲ ಹೋಗಿದ್ದೇನೆ, ಒಂದು ಸಲ ಒಬ್ಬಳೇ, ಇನ್ನೊಂದು ಸಲ ಮೊಟ್ಟೆಯನ್ನೂ ಮುಟ್ಟದ ಅಮ್ಮನ ಜೊತೆ. ಎರಡು ಸಲವೂ ಬಜೆಟ್ ಚಿಕ್ಕದೇ. ಆಮೇಲಿಂದ ಗೆಳತಿಯರು, ನೆಂಟರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಬೀಜಿಂಗ್, ಶಾಂಘೈ ಬಿಟ್ಟು ಗುವಾಂಗ್‌ಝೌಗೆ ಯಾಕೆ ಹೋಗಬೇಕು?

ಮಹಾಗೋಡೆ ನೋಡಲೇಬೇಕು ಅಂತಿದ್ದರೆ ಬೀಜಿಂಗ್‌ಗೇ ಹೋಗಿ. ಗುವಾಂಗ್‌ಝೌನಲ್ಲಿ ಅಂಥ ಒಂದು ದೊಡ್ಡ ಹೆಸರಿನ ಜಾಗ ಇಲ್ಲ. ಅದೇ ಇದರ ಲಾಭ. ಇಲ್ಲಿ ನೋಡುವಂಥದ್ದು ಬಹಳಷ್ಟು ಬಿಟ್ಟಿ, ಇಲ್ಲವೇ 5-10 ಯುವಾನ್. ತಿನ್ನುವಂಥದ್ದರಲ್ಲಿ ಒಳ್ಳೆಯದು ಅಗ್ಗದ ಅಂಗಡಿಯಲ್ಲೇ ಸಿಗುತ್ತದೆ. ಊಟವೂ ನಮಗೆ ಹತ್ತಿರದ್ದು. ಅಕ್ಕಿ, ಗಂಜಿ, ಹಬೆಯಲ್ಲಿ ಬೇಯಿಸಿದ ತಿಂಡಿ, ಸೊಪ್ಪು. ಖಾರ ಮಾತ್ರ ಇಲ್ಲ.

ವೀಸಾ ಬೇಕಾ? ವಿಮಾನ ಎಲ್ಲಿಂದ?

ಬೇಕು. ಟ್ರಾನ್ಸಿಟ್‌ನಲ್ಲಿ 240 ಗಂಟೆ ವೀಸಾ ಇಲ್ಲದೆ ಇರಬಹುದು ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಆ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಪ್ರವಾಸಿ ವೀಸಾ ಮಾಡಿಸಿಕೊಂಡೇ ಹೋಗಬೇಕು. ಕರ್ನಾಟಕದವರು ಮುಂಬೈಯ ಚೀನೀ ದೂತಾವಾಸದ ವ್ಯಾಪ್ತಿಗೆ ಬರುತ್ತೇವೆ.

2025ರ ಅಕ್ಟೋಬರ್ 26ರಂದು ಕೋಲ್ಕತ್ತದಿಂದ ಗುವಾಂಗ್‌ಝೌಗೆ ನೇರ ವಿಮಾನ ಮತ್ತೆ ಶುರುವಾಯಿತು, ನವೆಂಬರ್‌ನಲ್ಲಿ ದೆಹಲಿಯಿಂದಲೂ. ಬೆಂಗಳೂರಿಂದ ಹೋಗುವವರು ಕ್ವಾಲಾಲಂಪುರ, ಬ್ಯಾಂಕಾಕ್ ದಾರಿಯ ಟಿಕೆಟ್ ದರವನ್ನೂ ಒಮ್ಮೆ ನೋಡಿ. ಎಷ್ಟೋ ಸಲ ಅದೇ ಅಗ್ಗ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ಕೊನೆವರೆಗೆ. ಮಳೆ ಅಪರೂಪ, ಒಂದು ತೆಳ್ಳನೆ ಸ್ವೆಟರ್ ಸಾಕು. ಮಾರ್ಚ್ ಸುಮಾರಿಗೆ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ ಅಂದರೆ ಗೋಡೆಗಳೇ ಬೆವರುತ್ತವೆ. ಒಗೆದ ಬಟ್ಟೆ ಒಣಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಖೆ, ಮಳೆ, ನಡುವೆ ಚಂಡಮಾರುತ.

ದುಡ್ಡು ಉಳಿಸಬೇಕಾದರೆ ಕ್ಯಾಂಟನ್ ಫೇರ್‌ನ ದಿನಗಳನ್ನು ತಪ್ಪಿಸಿ. 1957ರಿಂದ ನಡೆಯುತ್ತಿರುವ ಜಾತ್ರೆ ಅದು, ಈಗ ವರ್ಷಕ್ಕೆ ಎರಡು ಸಲ. ಏಪ್ರಿಲ್ 15ರಿಂದ ಮೇ 5, ಅಕ್ಟೋಬರ್ 15ರಿಂದ ನವೆಂಬರ್ 4. ಆಗ ರೂಮಿನ ಬಾಡಿಗೆ ಸಿಕ್ಕಾಪಟ್ಟೆ ಏರುತ್ತದೆ. ಚೀನೀ ಹೊಸ ವರ್ಷ ಮತ್ತು ಅಕ್ಟೋಬರ್ ಮೊದಲ ವಾರವೂ ಬೇಡ.

ದಿನಕ್ಕೆ ಎಷ್ಟು ಖರ್ಚಾಗುತ್ತೆ?

ಒಂದು ಯುವಾನ್ ಅಂದರೆ ಸುಮಾರು 12-13 ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ. ನನ್ನ ಲೆಕ್ಕ ಹೀಗಿತ್ತು. ಹಾಸ್ಟೆಲ್‌ನಲ್ಲಿ ಒಂದು ಹಾಸಿಗೆಗೆ 80 ಯುವಾನ್, ಊಟ-ತಿಂಡಿಗೆ 70ರಿಂದ 90, ಮೆಟ್ರೋ-ಬಸ್ಸಿಗೆ 12-15, ಟಿಕೆಟ್‌ಗೆ 10-20. ಎಲ್ಲಾ ಸೇರಿ ಸುಮಾರು 200 ಯುವಾನ್‌ನಲ್ಲೇ ಮುಗಿಯುತ್ತಿತ್ತು. ಅಮ್ಮನ ಜೊತೆ ಹೋದಾಗ ಸಾದಾ ಹೋಟೆಲ್, ಇಬ್ಬರಿಗೆ 220 ಯುವಾನ್ ರೂಮು. ಬೆಂಗಳೂರಲ್ಲಿ ಒಂದು ವೀಕೆಂಡ್ ಹೊರಗೆ ತಿಂದರೆ ಆಗುವ ಖರ್ಚು ನೆನೆಸಿಕೊಂಡರೆ ಇದು ಜಾಸ್ತಿ ಏನಲ್ಲ.

ದುಡ್ಡು ಹೇಗೆ ಕೊಡೋದು? ಯುಪಿಐ ನಡೆಯುತ್ತಾ?

ಅಂಗಡಿಗಳಲ್ಲಿ ಯುಪಿಐ ನಂಬಿಕೊಳ್ಳಬೇಡಿ. ಅಲ್ಲಿ ದುಡ್ಡು ಕೊಡೋದೆಲ್ಲಾ ಅಲಿಪೇ, ವೀಚಾಟ್ ಅನ್ನುವ ಆ್ಯಪ್‌ಗಳಲ್ಲಿ. ತಳ್ಳುಗಾಡಿಯ ಅಜ್ಜಿಯ ಹತ್ತಿರವೂ ಕ್ಯೂಆರ್ ಕೋಡ್ ಇರುತ್ತದೆ. ಊರಲ್ಲೇ ಅಲಿಪೇ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಳ್ಳಿ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಸೋದು ಮರೆಯಬೇಡಿ. 200 ಯುವಾನ್ ಒಳಗಿನ ಬಿಲ್ಲಿಗೆ ಅವರು ಶುಲ್ಕ ಹಾಕಲ್ಲ, ಮೇಲಾದರೆ 3%. ಹಾಗಾಗಿ ಹಾಸ್ಟೆಲ್ ಬಾಡಿಗೆಯನ್ನು ದಿನಾ ದಿನಾ ಕೊಟ್ಟರೆ ಸ್ವಲ್ಪ ಉಳಿಯುತ್ತದೆ. ನಿಮ್ಮ ಬ್ಯಾಂಕಿನ ಶುಲ್ಕ ಬೇರೆ, ಅದನ್ನು ಮೊದಲೇ ಕೇಳಿಕೊಳ್ಳಿ. ಜೊತೆಗೆ 300 ಯುವಾನ್ ನಗದು ಇಟ್ಟುಕೊಂಡಿರಿ, ಫೋನ್ ಸತ್ತರೆ ಬೇಕಾಗುತ್ತದೆ.

ವಾಟ್ಸಾಪ್, ಗೂಗಲ್ ಮ್ಯಾಪ್?

ಅಲ್ಲಿನ ಇಂಟರ್ನೆಟ್‌ನಲ್ಲಿ ಗೂಗಲ್, ವಾಟ್ಸಾಪ್, ಯೂಟ್ಯೂಬ್ ಯಾವುದೂ ತೆರೆಯಲ್ಲ. ಆದರೆ ರೋಮಿಂಗ್ ಸಿಮ್ ಅಥವಾ ಹೊರದೇಶದ ಇ-ಸಿಮ್ ಇದ್ದರೆ ನಡೆಯುತ್ತದೆ. ದಾರಿಗೆ ಗೂಗಲ್ ಮ್ಯಾಪ್ ನಂಬಬೇಡಿ, ರಸ್ತೆ ಒಂದು ಕಡೆ ಚುಕ್ಕಿ ಇನ್ನೊಂದು ಕಡೆ ತೋರಿಸುತ್ತದೆ. ಆ್ಯಮ್ಯಾಪ್ ಹಾಕಿಕೊಳ್ಳಿ, ಇಂಗ್ಲಿಷ್‌ನಲ್ಲೂ ಇದೆ.

ಎಲ್ಲಿ ಉಳಿಯೋದು?

ಹಳೇ ಊರಲ್ಲಿ. ಅಂದರೆ ಲೀವಾನ್ ಅಥವಾ ಯುಯೆಷಿಯು ಕಡೆ, ಮೆಟ್ರೋ ಒಂದನೇ ಲೈನಿನ ಹತ್ತಿರ. ಗಗನಚುಂಬಿ ಕಟ್ಟಡಗಳ ಹೊಸ ಊರು ಸಂಜೆ ನೋಡಿ ಬರೋದಕ್ಕೆ ಸರಿ. ಬೆಳಗ್ಗೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರೆ ತಿಂಡಿ ಅಂಗಡಿ ಇರಬೇಕು ಅಂದರೆ ಹಳೇ ಓಣಿಗಳೇ ಬೇಕು. ಬುಕ್ ಮಾಡುವ ಮುಂಚೆ ವಿದೇಶಿಯರನ್ನು ಇರಿಸಿಕೊಳ್ಳುತ್ತೀರಾ ಅಂತ ಕೇಳಿ. ಕೆಲವು ಚಿಕ್ಕ ಹೋಟೆಲ್‌ನವರಿಗೆ ಪೊಲೀಸ್ ನೋಂದಣಿ ಮಾಡುವ ಅಭ್ಯಾಸ ಇರಲ್ಲ.

ಬೈಯುನ್ ವಿಮಾನ ನಿಲ್ದಾಣದಿಂದ ಮೆಟ್ರೋ ಮೂರನೇ ಲೈನ್ ಇದೆ, ಊರ ನಡುವಿಗೆ 10 ಯುವಾನ್ ಒಳಗೆ ಬರಬಹುದು. ಟ್ಯಾಕ್ಸಿ ಬೇಡವೇ ಬೇಡ. ಆಫೀಸ್ ಹೊತ್ತಿನಲ್ಲಿ ಮಾತ್ರ ಆ ಲೈನ್ ವಿಪರೀತ ರಶ್, ಸೂಟ್‌ಕೇಸ್ ಹಿಡಿದು ಹತ್ತೋದು ಕಷ್ಟ. ಮೆಟ್ರೋ ಟಿಕೆಟ್ 2 ಯುವಾನ್‌ನಿಂದ ಶುರು. 20 ಯುವಾನಿನ ದಿನದ ಪಾಸ್ ಸಿಗುತ್ತದೆ, ಆದರೆ ದಿನವಿಡೀ ಓಡಾಡದಿದ್ದರೆ ಅದು ನಷ್ಟ.

ಬೆಳಗ್ಗೆ ಏನು ತಿನ್ನೋದು?

ಚಾಂಗ್‌ಫೆನ್. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ನಮ್ಮ ನೀರು ದೋಸೆಯನ್ನು ಕಾವಲಿ ಬಿಟ್ಟು ಹಬೆಯಲ್ಲಿ ಬೇಯಿಸಿದರೆ ಹೇಗಿರುತ್ತೆ ಹೇಳಿ, ಹೆಚ್ಚು ಕಡಿಮೆ ಹಾಗೇ. ಅಂಗಡಿ ಮುಂದೆ ಬೀರುವಿನ ಥರ ಒಂದು ಸ್ಟೀಲ್ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಸಾಲಾಗಿ ಡ್ರಾಯರ್‌ಗಳು, ಎಲ್ಲದರಿಂದಲೂ ಹಬೆ ಬರ್ತಾ ಇರುತ್ತದೆ. ನಾನು ದಿನಾ ಹೋಗುತ್ತಿದ್ದ ಅಂಗಡಿಯ ಹೆಂಗಸು ಒಂದು ಡ್ರಾಯರ್ ಎಳೆದು, ಎಣ್ಣೆ ಸವರಿ, ಒಂದು ಸೌಟು ಅಕ್ಕಿ ಹಿಟ್ಟು ಹುಯ್ದು, ಆ ಕಡೆ ಈ ಕಡೆ ಓಲಾಡಿಸಿ ಒಳಗೆ ತಳ್ಳುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಡ್ರಾಯರ್ ಬೆಂದಿರುತ್ತಿತ್ತು. ಅದನ್ನು ಹೊರಗೆಳೆದು, ಅಗಲವಾದ ಪಟ್ಟಿಯಿಂದ ಒಂದು ಅಂಚಿನಿಂದ ಕೆರೆದು ಒತ್ತಿಕೊಂಡು ಬಂದರೆ, ಪಾರದರ್ಶಕ ಹಾಳೆ ಸೀರೆ ನೆರಿಗೆಯ ಹಾಗೆ ಒಂದರ ಮೇಲೊಂದು ಮಡಿಚಿಕೊಳ್ಳುತ್ತಿತ್ತು. ನಾಲ್ಕು ತುಂಡು ಮಾಡಿ, ತಟ್ಟೆಗೆ ಹಾಕಿ, ಮೇಲೆ ತುಸು ಸಿಹಿ ಇರುವ ಸೋಯಾ ಸಾಸ್. ಎರಡು ನಿಮಿಷ ಹಿಡಿಯುತ್ತಿರಲಿಲ್ಲ. ಸಾದಾ ಇದ್ದರೆ 5-6 ಯುವಾನ್, ಮೊಟ್ಟೆ ಹಾಕಿದರೆ ಇನ್ನೆರಡು ಜಾಸ್ತಿ. ಹಂದಿ, ದನ, ಸಿಗಡಿ ಹಾಕಿದ್ದೂ ಇರುತ್ತದೆ, ಆದ್ದರಿಂದ ಬೇಡದ್ದನ್ನು ಮೊದಲೇ ಹೇಳಿ.

ಜೊತೆಗೆ ಒಂದು ಬಟ್ಟಲು ಬಿಳಿ ಗಂಜಿ ತಗೊಳ್ಳಿ. ಅದಕ್ಕೆ ಅದ್ದಿ ತಿನ್ನಲು ಉದ್ದನೆಯ ಕರಿದ ಹಿಟ್ಟಿನ ಕಡ್ಡಿ ಬರುತ್ತದೆ, ಯೂಥಿಯಾವ್ ಅಂತ. ಆ ಕಡ್ಡಿಯನ್ನೇ ಚಾಂಗ್‌ಫೆನ್ ಒಳಗೆ ಸುತ್ತಿ ಕೊಡೋದೂ ಉಂಟು, ಹೊರಗೆ ಮೆತ್ತಗೆ ಒಳಗೆ ಗರಿಗರಿ. ಅಮ್ಮ ಮೂರು ದಿನ ಬೆಳಗ್ಗೆ ಅದನ್ನೇ ತಿಂದರು.

ಯಮ್ ಚಾ, ಡಿಮ್ ಸಮ್ ಅಂತಾರಲ್ಲ, ಅದು ದುಬಾರಿ ಅಲ್ವಾ?

ಒಂದು ಸಲಕ್ಕೆ ಪರವಾಗಿಲ್ಲ. ಯಮ್ ಚಾ ಅಂದರೆ ಚಹಾ ಕುಡಿಯೋದು, ಡಿಮ್ ಸಮ್ ಅಂದರೆ ಅದರ ಜೊತೆ ಬಿದಿರಿನ ಬುಟ್ಟಿಗಳಲ್ಲಿ ಬರುವ ತಿಂಡಿ. ಅಜ್ಜ ಅಜ್ಜಿಯರು ಬೆಳಗ್ಗೆಯೇ ಬಂದು ಪೇಪರ್ ಬಿಡಿಸಿಕೊಂಡು ಎರಡು ಬುಟ್ಟಿ ತಿಂಡಿಗೆ ಎರಡು ಗಂಟೆ ಕೂರುತ್ತಾರೆ. ಯಾರೂ ಎಬ್ಬಿಸಲ್ಲ. ಥಾವ್ ಥಾವ್ ಜ್ಯು ಅನ್ನುವ ಚಹಾ ಮನೆ 1880ರ ಕಾಲದ್ದು, ಗುವಾಂಗ್‌ಝೌ ರೆಸ್ಟೋರೆಂಟ್ 1935ರದ್ದು. ಹೆಸರಿನ ಜಾಗಗಳಲ್ಲಿ ಒಬ್ಬರಿಗೆ 60-80 ಯುವಾನ್ ಆಗಬಹುದು, ಓಣಿಯ ಚಹಾ ಮನೆಗಳಲ್ಲಿ ಅದರ ಅರ್ಧ.

ತಿಂಡಿಗೆ ಸಣ್ಣ, ಮಧ್ಯಮ, ದೊಡ್ಡ, ವಿಶೇಷ ಅಂತ ದರ್ಜೆ ಇರುತ್ತದೆ, ದರ ಅದರ ಮೇಲೆ. ಚಹಾಕ್ಕೆ ತಲೆಗೆ ಇಷ್ಟು ಅಂತ ಬೇರೆ ಹಾಕುತ್ತಾರೆ, ಬಿಲ್ಲಲ್ಲಿ ಅದನ್ನು ನೋಡಿ ಗಾಬರಿಯಾಗಬೇಡಿ. ವಾರದ ದಿನ ಹೋಗಿ, ಭಾನುವಾರ ಜಾಗವೇ ಸಿಗಲ್ಲ. ಕೂತ ತಕ್ಷಣ ಬಿಸಿ ಚಹಾದಲ್ಲಿ ಬಟ್ಟಲು, ಚಾಪ್‌ಸ್ಟಿಕ್ ತೊಳೆದು ಆ ನೀರನ್ನು ದೊಡ್ಡ ಬೋಗುಣಿಗೆ ಚೆಲ್ಲುತ್ತಾರೆ, ನೀವೂ ಹಾಗೇ ಮಾಡಿ. ಯಾರಾದರೂ ನಿಮ್ಮ ಕಪ್ಪಿಗೆ ಚಹಾ ಹಾಕಿದರೆ ಎರಡು ಬೆರಳಿಂದ ಮೇಜು ಮೆಲ್ಲಗೆ ತಟ್ಟಿ, ಅದೇ ಥ್ಯಾಂಕ್ಸ್. ಕೆಟಲ್‌ನಲ್ಲಿ ನೀರು ಖಾಲಿಯಾದರೆ ಮುಚ್ಚಳ ಓರೆ ಮಾಡಿಡಿ, ಬಂದು ತುಂಬುತ್ತಾರೆ.

ನಾನು ಪೂರ್ತಿ ಸಸ್ಯಾಹಾರಿ. ಉಪವಾಸ ಬೀಳ್ತೀನಾ?

ಬೀಳಲ್ಲ. ಆದರೆ ಎಚ್ಚರ ಬೇಕು. ಅಲ್ಲಿ ತರಕಾರಿ ಪಲ್ಯ ಅಂದರೆ ಹಂದಿ ಕೊಬ್ಬಿನಲ್ಲಿ ಹುರಿದದ್ದೂ ಇರಬಹುದು, ಮೇಲೆ ಆಯ್ಸ್ಟರ್ ಸಾಸ್ (ಸಮುದ್ರದ ಚಿಪ್ಪು ಜೀವಿಯಿಂದ ಮಾಡಿದ್ದು) ಹುಯ್ದದ್ದೂ ಇರಬಹುದು. "ಮಾಂಸ ಬೇಡ" ಅಂದರೆ ಅವರಿಗೆ ತುಂಡುಗಳು ಬೇಡ ಅಂತ ಮಾತ್ರ ಅರ್ಥವಾಗುತ್ತದೆ. ಆದ್ದರಿಂದ ಹಾಗೆ ಹೇಳಬೇಡಿ. ಬೌದ್ಧ ಭಿಕ್ಷುಗಳು ತಿನ್ನುವ ಊಟ ಅಂತ ಹೇಳಿ, ತಕ್ಷಣ ಗೊತ್ತಾಗುತ್ತದೆ. ಅದಕ್ಕೆ ಅಲ್ಲಿನ ಭಾಷೆ ಕ್ಯಾಂಟನೀಸ್‌ನಲ್ಲಿ "ಜಾಯ್" ಅಂತಾರೆ. "ಙೋ ಸಿಕ್ ಜಾಯ್" ಅಂದರೆ ನಾನು ಜಾಯ್ ತಿನ್ನುತ್ತೇನೆ. ಕ ಖ ಗ ಘ ಆದ ಮೇಲೆ ಬರುವ ಆ ಙ ಅಕ್ಷರ ನಮ್ಮ ಬಾಯಲ್ಲಿ ಇರೋದರಿಂದ ನಾವು ಇದನ್ನು ಸರಿಯಾಗಿ ಹೇಳುತ್ತೇವೆ, ಅಂಗಡಿಯವರ ಮುಖ ಅರಳುತ್ತದೆ! ಜೊತೆಗೆ ಹಂದಿ ಕೊಬ್ಬು, ಆಯ್ಸ್ಟರ್ ಸಾಸ್, ಚಿಕನ್ ಪುಡಿ, ಮೀನು, ಮೊಟ್ಟೆ ಬೇಡ ಅಂತ ಚೀನೀ ಅಕ್ಷರದಲ್ಲಿ ಬರೆಸಿ ಫೋನಿನಲ್ಲಿ ಫೋಟೋ ಇಟ್ಟುಕೊಂಡಿರಿ. ನಾವು ಎಲ್ಲಾ ಕಡೆ ಅದನ್ನೇ ತೋರಿಸಿದೆವು.

ಕಣ್ಣು ಮುಚ್ಚಿಕೊಂಡು ತಿನ್ನಬಹುದಾದ ಜಾಗ ದೇವಸ್ಥಾನದ ಊಟದ ಮನೆ. ಬೀಜಿಂಗ್ ರಸ್ತೆಯ ಪಕ್ಕದಲ್ಲೇ ದಾಫೋ ದೇವಸ್ಥಾನ ಇದೆ, ದೊಡ್ಡ ಬುದ್ಧನ ಗುಡಿ. ಅಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಅಣಬೆ, ತೋಫು, ಬಿದಿರಿನ ಕಳಲೆ. ಇಂಥ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರಲ್ಲ, ಹಾಗಾಗಿ ಅಮ್ಮನಿಗೆ ಏಕಾದಶಿ ಮರುದಿನ ಮನೆಯಲ್ಲೇ ಊಟ ಮಾಡಿದ ಹಾಗಾಯಿತು.

ಹೊರಗಡೆ ಆದರೆ ಸಾದಾ ಚಾಂಗ್‌ಫೆನ್, ಬಿಳಿ ಗಂಜಿ, ಬರೀ ನೀರಲ್ಲಿ ಬೇಯಿಸಿದ ಚೋಯ್ ಸಮ್ ಸೊಪ್ಪು, ವಾಟರ್ ಚೆಸ್ಟ್‌ನಟ್ ಗೆಡ್ಡೆಯ ಪಾರದರ್ಶಕ ಹಲ್ವಾದಂಥ ಬಿಲ್ಲೆಗಳು. ಮೂಲಂಗಿ ಕೇಕ್ ಅಂತ ಹೆಸರು ಕೇಳಿ ಮೋಸ ಹೋಗಬೇಡಿ, ಅದರಲ್ಲಿ ಸಾಸೇಜ್ ಚೂರು ಇರುತ್ತದೆ. ತೀರಾ ಬೇಸರವಾದರೆ ಷಿಯಾವ್‌ಬೇ ಕಡೆ ಭಾರತೀಯ ಹೋಟೆಲ್‌ಗಳೂ ಇವೆ, ಆದರೆ ಅಲ್ಲಿ ಬಿಲ್ ಜಾಸ್ತಿ.

ಮಾಂಸ ತಿನ್ನುವವರಿಗೆ?

ನಿಮಗೆ ಹಬ್ಬ. ವಾಂಟನ್ ನೂಡಲ್ಸ್ 15-25 ಯುವಾನ್. ಮಣ್ಣಿನ ಮಡಕೆಯಲ್ಲೇ ಬೇಯಿಸಿ ಕೊಡುವ ಅನ್ನ 20-35. ಆ ಅನ್ನಕ್ಕೆ ಕಾಲು ಗಂಟೆ ಕಾಯಬೇಕು, ಬೇಗ ತಂದುಕೊಟ್ಟರೆ ಅದು ಅಲ್ಲೇ ಮಾಡಿದ್ದಲ್ಲ. ತಳ ಹಿಡಿದ ಗರಿಗರಿ ಅನ್ನವನ್ನು ಕೊನೆಗೆ ಕೆರೆದು ತಿನ್ನಿ. ಹುರಿದ ಬಾತುಕೋಳಿ ಅಂಗಡಿ ಮುಂದೆ ನೇತಾಡುತ್ತಿರುತ್ತದೆ, ಅನ್ನದ ಮೇಲೆ ನಾಲ್ಕು ತುಂಡು ಹಾಕಿಸಿಕೊಂಡರೆ ಒಂದು ಊಟ. ದನ, ಹಂದಿ ತಿನ್ನದವರು ಕೇಳಿಯೇ ತಗೊಳ್ಳಿ.

ಸಿಹಿ ಏನಿದೆ?

ಈ ಪ್ರಶ್ನೆ ಯಾರೂ ಕೇಳಲಿಲ್ಲ ಅಂದರೂ ನಾನೇ ಹೇಳುತ್ತಿದ್ದೆ. ಶುಂಠಿ ಹಾಲು ಅಂತ ಒಂದಿದೆ. ಬಟ್ಟಲಿನ ತಳದಲ್ಲಿ ಹಸಿ ಶುಂಠಿ ರಸ ಹಾಕಿ, ಸಕ್ಕರೆ ಕರಗಿಸಿದ ಬಿಸಿ ಹಾಲನ್ನು ಮೇಲಿಂದ ಒಂದೇ ಸಲ ಹುಯ್ಯುತ್ತಾರೆ, ಅಷ್ಟೇ. ಅಲುಗಾಡಿಸಬಾರದು. ಶುಂಠಿಯಲ್ಲಿರುವ ಕಿಣ್ವದಿಂದ ಹಾಲು ಕೆಲವು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಮೇಲೆ ಚಮಚ ಇಟ್ಟರೆ ಮುಳುಗಲ್ಲ. ಬಾಯಿಗಿಟ್ಟರೆ ನಮ್ಮ ಗಿಣ್ಣು, ಗಂಟಲಿಗೆ ಇಳಿಯುವಾಗ ಶುಂಠಿಯ ಖಾರ. ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ, ಹಾಗಾಗಿ ಅಮ್ಮನೂ ತಿಂದರು, ಎರಡನೇ ಬಟ್ಟಲನ್ನೂ ಕೇಳಿದರು. 12-18 ಯುವಾನ್. ಡಬಲ್ ಸ್ಕಿನ್ ಮಿಲ್ಕ್ ಅನ್ನೋದೂ ಹೆಸರುವಾಸಿ, ಆದರೆ ಅದರಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ಹೆಸರುಕಾಳಿನ ಪಾಯಸದಂಥದ್ದು, ಕರಿ ಎಳ್ಳಿನ ಬಿಸಿ ಗಂಜಿಯಂಥದ್ದು ಕೂಡ ಇವೆ.

ಬೀದಿಯಲ್ಲಿ ದೊಡ್ಡ ಹಿತ್ತಾಳೆ ಪಾತ್ರೆ ಇಟ್ಟುಕೊಂಡ ಅಂಗಡಿಗಳಲ್ಲಿ ಗಿಡಮೂಲಿಕೆಯ ಕಷಾಯ ಮಾರುತ್ತಾರೆ. ಕಹಿ ಅಂದರೆ ಕಹಿ. ಸೆಖೆಗೆ ದೇಹ ತಂಪಾಗಲಿ ಅಂತ ಅಲ್ಲಿನವರು ಕುಡಿಯುತ್ತಾರೆ.

ನೋಡೋಕೆ ಏನಿದೆ, ಟಿಕೆಟ್ ಎಷ್ಟು?

ಒಂದೇ ಜಾಗಕ್ಕೆ ಟಿಕೆಟ್ ಕೊಳ್ಳುತ್ತೀನಿ ಅಂದರೆ ಚೆನ್ ಮನೆತನದ ಪೂರ್ವಜರ ಮಂದಿರಕ್ಕೆ ಕೊಳ್ಳಿ, 10 ಯುವಾನ್. 1894ರಲ್ಲಿ ಮುಗಿದ ಕಟ್ಟಡ. ಗುವಾಂಗ್‌ಡಾಂಗ್ ಪ್ರಾಂತ್ಯದ 72 ಚೆನ್ ಕುಲದವರು ಸೇರಿ ಕಟ್ಟಿಸಿದ್ದು. ತಲೆ ಎತ್ತಿ ಮಾಡಿನ ನೆತ್ತಿ ನೋಡಿ. ನಾಟಕದ ದೃಶ್ಯಗಳು, ಹಣ್ಣು, ಹಕ್ಕಿ, ಮನೆಗಳು, ಎಲ್ಲಾ ಬಣ್ಣದ ಮಣ್ಣಿನ ಗೊಂಬೆಗಳಲ್ಲಿ, ಉದ್ದಕ್ಕೂ. ನಾನು ಕತ್ತು ನೋಯುವವರೆಗೆ ನೋಡಿದೆ.

ನಾನ್‌ಯುಯೆ ಅನ್ನುವ ಪ್ರಾಚೀನ ರಾಜ್ಯದ ರಾಜನ ಸಮಾಧಿಯ ಮ್ಯೂಸಿಯಂ ಕೂಡ 10 ಯುವಾನ್. 1983ರಲ್ಲಿ ಗುಡ್ಡ ಅಗೆಯುವಾಗ ಸಿಕ್ಕ ಸಮಾಧಿ, ಎರಡು ಸಾವಿರ ವರ್ಷಕ್ಕೂ ಹಳೆಯದು. ಜೇಡ್ ಅನ್ನುವ ಬೆಲೆಬಾಳುವ ಕಲ್ಲಿನ 2,291 ತುಂಡುಗಳನ್ನು ರೇಷ್ಮೆ ದಾರದಿಂದ ಹೊಲಿದ ಶವದ ಉಡುಪು ಅಲ್ಲಿದೆ.

ಬಿಟ್ಟಿ ಇರುವಂಥದ್ದು: ಶಾಮಿಯನ್ ದ್ವೀಪ, ಬ್ರಿಟಿಷರು ಮತ್ತು ಫ್ರೆಂಚರು ಹಂಚಿಕೊಂಡಿದ್ದ ಜಾಗ, ದೊಡ್ಡ ಆಲದ ಮರಗಳ ನೆರಳು. 1888ರಲ್ಲಿ ಪೂರ್ತಿಯಾದ ಸೇಕ್ರೆಡ್ ಹಾರ್ಟ್ ಗ್ರಾನೈಟ್ ಚರ್ಚು. ಯುಯೆಷಿಯು ಪಾರ್ಕ್, ಅಲ್ಲಿನ ಐದು ಮೇಕೆಗಳ ಶಿಲ್ಪ. ಬರಗಾಲದಲ್ಲಿ ಐವರು ದೇವತೆಗಳು ಮೇಕೆ ಏರಿ ಭತ್ತದ ತೆನೆ ತಂದುಕೊಟ್ಟರು ಅನ್ನೋದು ಊರಿನ ಕತೆ. ಗುವಾಂಗ್‌ಡಾಂಗ್ ಮ್ಯೂಸಿಯಂ ಕೂಡ ಉಚಿತ, ಪಾಸ್‌ಪೋರ್ಟ್ ಇಟ್ಟುಕೊಂಡಿರಿ, ಸೋಮವಾರ ರಜೆ. ಎಲ್ಲಕ್ಕಿಂತ ನನಗೆ ಇಷ್ಟ ಎನ್ನಿಂಗ್ ರಸ್ತೆಯ ಹಳೇ ಮನೆಸಾಲು. ಮೇಲಿನ ಅಂತಸ್ತು ಫುಟ್‌ಪಾತ್ ಮೇಲೆ ಚಾಚಿಕೊಂಡು ಕೆಳಗೆ ಉದ್ದಕ್ಕೂ ಜಗಲಿಯಾಗಿದೆ. ಮಳೆ ಬಂದರೂ ಕೊಡೆ ಬಿಚ್ಚದೆ ನಡೆಯಬಹುದು. ತಾಮ್ರದ ಪಾತ್ರೆ ಬಡಿಯುವ ಸದ್ದು ಇನ್ನೂ ಕೇಳುತ್ತದೆ.

ಕ್ಯಾಂಟನ್ ಟವರ್ ಹತ್ತಬೇಕಾ?

ಬೇಡ. 600 ಮೀಟರ್ ಎತ್ತರದ ಗೋಪುರ ಚೆನ್ನಾಗಿ ಕಾಣೋದು ದೂರದಿಂದ, ಮೇಲೆ ಹತ್ತಿದರೆ ಅದೇ ಕಾಣಲ್ಲ. ಸಂಜೆ ಹುವಾಚೆಂಗ್ ಚೌಕದಿಂದ ನದಿ ಕಡೆ ನಡೆಯಿರಿ, ದೀಪ ಹತ್ತುವ ಹೊತ್ತಿಗೆ ಎದುರಿಗೇ ಇರುತ್ತದೆ. ನದಿಯಲ್ಲಿ ದೋಣಿ ಬೇಕು ಅಂದರೆ ಪ್ರವಾಸಿ ಹಡಗು ಬಿಟ್ಟು, ಊರಿನವರು ಹತ್ತುವ ದೋಣಿ ಹತ್ತಿ. 2 ಯುವಾನ್. ಸೈಕಲ್, ತರಕಾರಿ ಚೀಲ, ಸ್ಕೂಲ್ ಮಕ್ಕಳ ಜೊತೆ ಪರ್ಲ್ ನದಿ ದಾಟಬಹುದು.

ಬೋಧಿಧರ್ಮನ ಜಾಗ ಇದೆಯಂತೆ, ಹೌದಾ?

ಹೌದು. ದಕ್ಷಿಣ ಭಾರತದಿಂದ ಹಡಗಿನಲ್ಲಿ ಬಂದ ಬೌದ್ಧ ಗುರು ಬೋಧಿಧರ್ಮ ಇಳಿದದ್ದು ಇಲ್ಲೇ ಅಂತ ಪರಂಪರೆಯ ನಂಬಿಕೆ. ಲೀವಾನ್‌ನ ಹುವಾಲಿನ್ ದೇವಸ್ಥಾನ ಅದರ ನೆನಪಿನದು, ಸುತ್ತ ಜೇಡ್ ಮಾರುವ ಅಂಗಡಿಗಳು. ಗುವಾಂಗ್‌ಷಿಯಾವ್ ದೇವಸ್ಥಾನಕ್ಕೂ ಹೋಗಿ, ಹೆಚ್ಚೆಂದರೆ 5 ಯುವಾನ್. ಅಲ್ಲಿನ ಬೋಧಿವೃಕ್ಷದ ಮೂಲ ಸಸಿಯನ್ನು ಭಾರತದ ಭಿಕ್ಷು ತಂದು ನೆಟ್ಟ ಎನ್ನುತ್ತಾರೆ. ಅಮ್ಮ ಆ ಅರಳಿ ಮರಕ್ಕೆ ಮೂರು ಸುತ್ತು ಬಂದರು. ಪಕ್ಕದಲ್ಲಿದ್ದ ಒಬ್ಬ ಚೀನೀ ಅಜ್ಜಿ ನೋಡಿ, ಏನೂ ಕೇಳದೆ, ತಾನೂ ಹಿಂದೆ ಸುತ್ತಿದಳು.

ಮೋಸ ಹೋಗುವ ಭಯ ಇದೆಯಾ?

ಓಡಾಡೋದಕ್ಕೆ ಭಯ ಇಲ್ಲ, ರಾತ್ರಿ ಹತ್ತಕ್ಕೂ ಒಬ್ಬಳೇ ನಡೆದಿದ್ದೇನೆ. ಬೆಲೆ ಓದುವಾಗ ಮಾತ್ರ ಜೋಪಾನ. ಮೀನು, ಸಿಗಡಿಯ ದರ ಬರೆದಿರೋದು ಒಂದು "ಜಿನ್"ಗೆ, ಅಂದರೆ ಅರ್ಧ ಕಿಲೋಗೆ. ಮೊದಲ ಸಲ ಒಂದು ಹೋಟೆಲ್‌ನಲ್ಲಿ ಬೋರ್ಡಿನ 38 ಯುವಾನ್ ಇಡೀ ಮೀನಿಗೆ ಅಂದುಕೊಂಡು ಹೇಳಿದೆ, ಮೀನು ಒಂದೂವರೆ ಕಿಲೋ ಇತ್ತು, 114 ಯುವಾನ್ ಕೊಟ್ಟು ಎದ್ದೆ. ತೂಗುವಾಗ ಎದುರಿಗೆ ನಿಂತು, ಒಟ್ಟು ಎಷ್ಟು ಅಂತ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ತೋರಿಸಲು ಹೇಳಿ.

ವಾಪಸ್ ಬರುವಾಗ ಏನು ತರಲಿ?

ಒಣಗಿಸಿ ಹಳತು ಮಾಡಿದ ಕಿತ್ತಳೆ ಸಿಪ್ಪೆ, ಚೆನ್‌ಪಿ ಅಂತ. ಹತ್ತಿರದ ಷಿನ್‌ಹುಯಿಯದ್ದು ಹೆಸರುವಾಸಿ. ವರ್ಷ ಜಾಸ್ತಿಯಾದಷ್ಟೂ ಬೆಲೆ ಜಾಸ್ತಿ, ನಮಗೆ ಮೂರು ವರ್ಷದ್ದು ಸಾಕು. ಸಾರಿಗೆ ಒಂದು ಚೂರು ಹಾಕಿ ನೋಡಿ. ಚಹಾ ಬೇಕಾದರೆ ಫಾಂಗ್‌ಚುನ್ ಚಹಾ ಮಾರುಕಟ್ಟೆಗೆ ಹೋಗಿ, ಬೀದಿಗಟ್ಟಲೆ ಬರೀ ಚಹಾ ಅಂಗಡಿಗಳು. ಕೂರಿಸಿ, ಪುಟ್ಟ ಪುಟ್ಟ ಕಪ್ಪಿನಲ್ಲಿ ಐದಾರು ಬಗೆ ಕುಡಿಸುತ್ತಾರೆ, ಕೊಳ್ಳದೆ ಎದ್ದರೂ ಬೇಸರಿಸಲ್ಲ. ಆದರೆ ನೂರು ಗ್ರಾಂ ಆದರೂ ತಗೊಳ್ಳಿ, ಅಷ್ಟು ಹೊತ್ತು ಕೂತು ನೀರು ಕಾಯಿಸಿ ಕೊಟ್ಟಿರುತ್ತಾರೆ.